ದೋರಾಳ ನೂರನೆಯ ದಿನ

ಇನ್ನು ಮುಂದೆ ಬಾಟಲಿಯ ಮುಚ್ಚಳ ಮುಟ್ಟುವುದಿಲ್ಲ ಎಂದು ಲುಬ್ಬರ್ಟ್ ವೊಲ್ತೆರಿಂಕ್ ತನ್ನ ಮೇಲೆ ತಾನೇ ಆಣೆ ಇಟ್ಟುಕೊಂಡದ್ದು ಬೆಳಿಗ್ಗೆ ಎಂಟು ಗಂಟೆಗೆ. ಮುಟ್ಟಿದ್ದು ಎಂಟೂ ಕಾಲಿಗೆ. ನಡುವಿನ ಹದಿನೈದು ನಿಮಿಷ ಅವನು ಪಟ್ಟ ಪಾಡನ್ನು ಹೆರಿಗೆ ಕೋಣೆಯ ಹೊರಗೆ ಶತಪಥ ಹಾಕುವ ಗಂಡಸರೂ ಪಟ್ಟಿರಲಾರರು.

ಬಾಟಲಿಯಲ್ಲಿದ್ದದ್ದು ಅರ್ಧ ಲೀಟರು ದ್ರಾವಣ. ನೋಡಲಿಕ್ಕೆ ನೀರು. ಗಾಜಿನ ಮೇಲೆ ತೆಳ್ಳಗೆ ಸವರಿ ಒಲೆಯಲ್ಲಿ ಸುಟ್ಟರೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಆಕ್ಸೈಡಿನ ಪೊರೆಯೊಂದು ಉಳಿಯುತ್ತದೆ. ಕಿಟಕಿಗೆ ಅಂಥ ಗಾಜು ಹಾಕಿದರೆ ಚಳಿಗಾಲದಲ್ಲಿ ಮನೆಯ ಬಿಸಿ ಮನೆಯಲ್ಲೇ ಉಳಿಯುತ್ತದೆ. ಇದೆಲ್ಲ ಸರಿಯೇ. ಆದರೆ ದ್ರಾವಣದ ಸ್ವಭಾವ ಬಲು ನಾಜೂಕು. ತೇವದ ಗಾಳಿ ತಾಗಿತೋ, ಮೊದಲು ಮಬ್ಬಾಗುತ್ತದೆ, ಆಮೇಲೆ ಗಂಜಿಯಾಗುತ್ತದೆ, ಕಡೆಗೆ ಗಟ್ಟಿ ಮೊಸರಿನ ಹಾಗೆ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಎನ್ಸ್ಖೆದೆ ಊರಿನಲ್ಲಿ ತೇವವಿಲ್ಲದ ಗಾಳಿ ಬೀಸುವುದು ವರ್ಷಕ್ಕೆ ನಾಲ್ಕು ದಿನ. ಆ ನಾಲ್ಕು ದಿನವೂ ಎಲ್ಲರೂ ರಜೆ ಹಾಕಿ ಸೈಕಲ್ಲು ಹತ್ತಿರುತ್ತಾರೆ.

ಲುಬ್ಬರ್ಟ್ ಆ ಪ್ರಯೋಗಾಲಯದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಸಹಾಯಕ. ದ್ರಾವಣಗಳಿಗೆ ಸಂಖ್ಯೆ ಕೊಟ್ಟಾಗ ಅವನು ಆರನ್ನೂ ಒಂಬತ್ತನ್ನೂ ತಲೆಕೆಳಗು ಮಾಡಿದ ಒಂದು ಹಳೆಯ ಪ್ರಕರಣವಿದ್ದುದರಿಂದ, ಈಗ ಪ್ರತಿ ದ್ರಾವಣಕ್ಕೂ ಒಂದು ಹೆಣ್ಣಿನ ಹೆಸರಿಡುವ ಪದ್ಧತಿ. ಆನ್ನಾ ಹತ್ತೊಂಬತ್ತು ದಿನಕ್ಕೆ ಮಬ್ಬಾಗಿದ್ದಳು. ಬೆತ್ಯೆ ಮೂವತ್ತೊಂದಕ್ಕೆ. ಕೋರಿ ನಲವತ್ತರ ತನಕ ಎಳೆದಾಡಿ ಒಂದು ಭಾನುವಾರ ಯಾರೂ ಇಲ್ಲದಾಗ ಹೆಪ್ಪಾದಳು. ನಾಲ್ಕನೆಯವಳೇ ದೋರಾ, ಮಾರ್ಚ್ ಹದಿನಾಲ್ಕರಂದು ತಯಾರಾದವಳು.

ಇದರಲ್ಲಿ ಗೋಳಿಗೇನೂ ಕಾರಣವಿರಲಿಲ್ಲ, ಲುಬ್ಬರ್ಟ್ ಬಾಯಿ ಮುಚ್ಚಿಕೊಂಡಿದ್ದರೆ. ಗಾಜಿನ ಕಂಪನಿಯಿಂದ ಬಂದ ಶ್ರೀಮತಿ ದೆ ಗ್ರಾಫ್ ಹತ್ತು ಗಂಟೆಯ ಕಾಫಿಯ ಹೊತ್ತಿನಲ್ಲಿ, ನಿಮ್ಮ ದ್ರಾವಣ ಕೆಡದೆ ಎಷ್ಟು ದಿನ ಇರುತ್ತದೆ ಎಂದು ಕೇಳಿದರು. ಮುಖ್ಯಸ್ಥೆ ತ್ಯಾರ್ಡಾ ಐವತ್ತು ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಲುಬ್ಬರ್ಟ್, ಬಾಯಲ್ಲಿ ಬಿಸ್ಕತ್ತು ಇರುವಾಗಲೇ, "ನೂರು" ಎಂದ. ಇಪ್ಪತ್ತನಾಲ್ಕು ವರ್ಷದಲ್ಲಿ ಹೊರಗಿನವರು ಅವನೆದುರು ಕೇಳಿದ ಮೊದಲ ಪ್ರಶ್ನೆ ಅದು. ಪಾಪ, ತಡೆಯಲಾಗಲಿಲ್ಲ. ಶ್ರೀಮತಿ ದೆ ಗ್ರಾಫ್ ನೂರನ್ನೇ ಕರಾರಿನಲ್ಲಿ ಬರೆದುಬಿಟ್ಟರು. ನೂರನೆಯ ದಿನ ದ್ರಾವಣ ತಿಳಿಯಾಗಿದ್ದರೆ ಇನ್ನು ಮೂರು ವರ್ಷ ಕೆಲಸ ನಡೆಯುತ್ತದೆ. ಇಲ್ಲವಾದರೆ ಜುಲೈನಲ್ಲಿ ವಿಭಾಗಕ್ಕೆ ಬೀಗ, ಲುಬ್ಬರ್ಟ್ ಮನೆಗೆ. ಐವತ್ತಮೂರನೆಯ ವಯಸ್ಸಿನಲ್ಲಿ ಮನೆಗೆ ಹೋದ ಪ್ರಯೋಗಾಲಯದ ಸಹಾಯಕನನ್ನು ಇನ್ಯಾರೂ ಕರೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಕರಾರಿಗೆ ನಾಲ್ಕು ಪುಟದ ಬಾಲವೊಂದಿತ್ತು. ದ್ರಾವಣದ ವಿಷಯ ಹೊರಗಿನವರ ಮುಂದೆ, ಮನೆಯವರ ಮುಂದೆ, ಯಾರ ಮುಂದೆಯೂ ಉಸಿರೆತ್ತುವಂತಿಲ್ಲ. ಲುಬ್ಬರ್ಟ್ ನಾಲ್ಕು ಪುಟಕ್ಕೂ ಸಹಿ ಹಾಕಿ, ಅಂದು ಸಂಜೆ ಮನೆಗೆ ಹೋಗಿ, ನೇರವಾಗಿ ಕಕ್ಕಸಿಗೆ ನಡೆದ. ಆ ಸೀಮೆಯ ಎಲ್ಲ ಮನೆಗಳಂತೆ ಹುಟ್ಟುಹಬ್ಬದ ಕ್ಯಾಲೆಂಡರು ಇದ್ದದ್ದು ಅಲ್ಲೇ, ಬಾಗಿಲಿನ ಒಳಮೈಗೆ, ಕೂತರೆ ಕಣ್ಣಿಗೆ ನೇರವಾಗಿ. ನೆನಪಿಡಬೇಕಾದ ದಿನವನ್ನು ಮರ್ಯಾದಸ್ಥರು ಬೇರೆಲ್ಲಿ ಬರೆಯುತ್ತಾರೆ? ಮಾರ್ಚ್ ಹದಿನಾಲ್ಕರ ಎದುರಿಗೆ "ದೋರಾ" ಎಂದು ಬರೆದು ಪಕ್ಕದಲ್ಲಿ ಆ ವರ್ಷವನ್ನೂ ಬರೆದ. ಹಾಳೆಗಳನ್ನು ತಿರುವಿ, ಬೆರಳು ಮಡಿಸಿ ಎಣಿಸಿ, ನೂರನೆಯ ದಿನವಾದ ಜೂನ್ ಇಪ್ಪತ್ತೆರಡರ ಸುತ್ತ ಕೆಂಪು ಶಾಯಿಯಲ್ಲಿ ಒಂದು ದಪ್ಪ ಸುತ್ತು ಹಾಕಿದ. ಆ ಸಾಲಿನಲ್ಲಿ ಮೊದಲೇ ಯಾವುದೋ ಹೆಸರು ಬರೆದಿತ್ತು. ಅದನ್ನು ಓದುವಷ್ಟು ವ್ಯವಧಾನ ಅವನಿಗಿರಲಿಲ್ಲ.

ಆ ಹೆಸರು ಅವನ ಹೆಂಡತಿ ಮಿನೆಕೆಯದು.

ಮಿನೆಕೆ ಮಾರನೆಯ ದಿನ ಆ ಕೆಂಪು ಸುತ್ತನ್ನು ನೋಡಿ, ಅಲ್ಲೇ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೂತಿದ್ದಳು. ಬರುವ ಜೂನಿಗೆ ಅವಳಿಗೆ ಐವತ್ತು. ಈ ಮನುಷ್ಯ ತನ್ನ ಹುಟ್ಟುಹಬ್ಬವನ್ನು ಮೂರು ತಿಂಗಳು ಮುಂಚೆ ನೆನೆಸಿಕೊಳ್ಳುವುದೆಂದರೇನು? ಜೂನ್ ಇಪ್ಪತ್ತೆರಡಕ್ಕೆ ಏನು ವಿಶೇಷ ಎಂದು ಸುಮ್ಮನೆ ಕೆಣಕಿದಳು. ಲುಬ್ಬರ್ಟನ ಮುಖ ಬಿಳಿಚಿತು. ಆ ದಿನದ ತನಕ ಏನೂ ಕೇಳಬಾರದು, ಹೇಳುವಂತಿಲ್ಲ, ಸಹಿ ಹಾಕಿದ್ದೇನೆ ಎಂದ. ಸಹಿ ಹಾಕಿಸಿಕೊಳ್ಳುವಂಥ ಉಡುಗೊರೆ ಎಂದರೆ ಸಣ್ಣದಲ್ಲ ಎಂದು ಮಿನೆಕೆ ಲೆಕ್ಕ ಹಾಕಿದಳು. ಅಂದಿನಿಂದ ಅವಳ ತುಟಿಯಂಚಿನಲ್ಲಿ ಒಂದು ನಗು ಬಂದು ನೆಲೆಸಿತು. ದೋರಾ ಯಾರೆಂದು ಅವಳು ಕೇಳಲೇ ಇಲ್ಲ. ಅದೂ ಉಡುಗೊರೆಗೆ ಸಂಬಂಧಿಸಿದ್ದೇ ಇರಬೇಕು.

ಇತ್ತ ಲುಬ್ಬರ್ಟನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬೆಳಿಗ್ಗೆ ಹೋದ ಕೂಡಲೇ ಬೀರು ತೆರೆದು, ಪೆಟ್ಟಿಗೆಯೊಳಗಿನ ದೋರಾಳ ಮುಖ ನೋಡಬೇಕು. ಕಾಫಿಗೆ ಮೊದಲು ಒಮ್ಮೆ, ಕಾಫಿಯ ನಂತರ ಒಮ್ಮೆ. ಬಾಟಲಿಯ ಹಿಂದೆ ಟಾರ್ಚು ಹಿಡಿದು ಮಬ್ಬು ಉಂಟೋ ಎಂದು ಕಣ್ಣು ಕಿರಿದು ಮಾಡುತ್ತಿದ್ದ. ಹೊರಗಿನಿಂದ ನೋಡಿದರೆ ಗಾಜಿನ ದೋಷವೋ ದ್ರಾವಣದ ದೋಷವೋ ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದ. ತೆಗೆದದ್ದರಿಂದ ಏನಾದರೂ ಕೆಟ್ಟಿತೋ ಎಂದು ಹೆದರಿಕೆಯಾಗಿ, ಅದನ್ನು ಪರೀಕ್ಷಿಸಲು ಮತ್ತೊಮ್ಮೆ ತೆಗೆಯುತ್ತಿದ್ದ. ಪ್ರಾಮಾಣಿಕ ಮನುಷ್ಯ, ಪ್ರತಿಯೊಂದು ಸಲವನ್ನೂ ಗಂಟೆ ನಿಮಿಷದೊಂದಿಗೆ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮುಖ್ಯಸ್ಥೆ ತ್ಯಾರ್ಡಾ ಆ ಪುಸ್ತಕದ ದಪ್ಪ ನೋಡಿ ಶ್ರದ್ಧೆ ಅಂದರೆ ಇದು ಎಂದು ಮೆಚ್ಚಿಕೊಂಡರು. ಒಳಗೆ ಏನು ಬರೆದಿದೆ ಎಂದು ತೆರೆದು ನೋಡಲಿಲ್ಲ.

ಏಪ್ರಿಲಿನ ಒಂದು ಶನಿವಾರ ಪಕ್ಕದ ಮನೆಯ ಯಾನ್ನಸ್ ಕಾಫಿಗೆ ಬಂದ. ನಿವೃತ್ತ ಬಡಗಿ, ಎರಡಾಳು ಅಗಲ. ಆ ಸೀಮೆಯಲ್ಲಿ ಪಕ್ಕದ ಮನೆಯವನೆಂದರೆ ಬರಿಯ ಬೇಲಿಯಾಚೆಯ ಮುಖವಲ್ಲ. ಸಾವಾದರೆ ಹೆಣ ಹೊರುವವನು, ಹುಟ್ಟಾದರೆ ಗಜ ಮೀರಿದ ಉದ್ದದ ದ್ರಾಕ್ಷಿ ಬ್ರೆಡ್ಡನ್ನು ಏಣಿಯ ಮೇಲೆ ಮಲಗಿಸಿ ಮೆರವಣಿಗೆಯಲ್ಲಿ ಹೊತ್ತು ತರುವವನು. ಯಾನ್ನಸ್ ಎರಡು ಕಪ್ ಕಾಫಿಯ ನಂತರ ಕಕ್ಕಸಿಗೆ ಹೋದ. ಹೊರಗೆ ಬಂದವನು ಮೂರನೆಯ ಕಪ್ಪು ಬೇಡವೆಂದ. ದೋರಾ, ಈ ವರ್ಷದ ಮಾರ್ಚ್ ಹದಿನಾಲ್ಕು. ಮಗುವಾಗಿ ತಿಂಗಳಾದರೂ ಪಕ್ಕದ ಮನೆಗೆ ಒಂದು ಮಾತು ಹೇಳಿಲ್ಲ. ಯಾರ ಮಗು? ಈ ಮನೆಯ ಒಬ್ಬಳೇ ಮಗಳು ಇಲ್ಸೆ, ಗ್ರೋನಿಂಗೆನ್‌ನಲ್ಲಿದ್ದಾಳೆ, ಕ್ರಿಸ್‌ಮಸ್ಸಿನಿಂದ ಊರಿಗೆ ಬಂದಿಲ್ಲ. ಇನ್ನೇನು ಬೇಕು?

ಬೇಲಿಯ ಹತ್ತಿರ ಲುಬ್ಬರ್ಟನನ್ನು ತಡೆದು ನಿಲ್ಲಿಸಿ ತಗ್ಗಿದ ದನಿಯಲ್ಲಿ ಕೇಳಿದ.

"ದೋರಾ ಹೇಗಿದ್ದಾಳೆ?"

ಲುಬ್ಬರ್ಟನ ಜೀವ ಬಾಯಿಗೆ ಬಂತು. ನಾಲ್ಕು ಪುಟದ ಕರಾರು ಕಣ್ಣ ಮುಂದೆ ಹಾರಿತು. "ನಿನಗ್ಯಾರು ಹೇಳಿದ್ರು?"

"ಯಾರೋ ಹೇಳಿದ್ರು ಅಂತಿಟ್ಕೋ. ಎಲ್ಲಿದಾಳೆ ಈಗ?"

"ನಮ್ಮಲ್ಲೇ, ಕೆಲಸದ ಹತ್ರ. ಮುಚ್ಚಿದ ಪೆಟ್ಟಿಗೇಲಿ ಇಟ್ಟಿದೀವಿ. ಗಾಳಿ ತಾಗೋ ಹಾಗಿಲ್ಲ. ನೂರು ದಿನ ಉಳಿದ್ರೆ ಗೆದ್ದ ಹಾಗೆ." ಅಷ್ಟು ಹೇಳಿದ ಮೇಲೆ, ನಲವತ್ತು ದಿನದಿಂದ ಯಾರ ಹತ್ತಿರವೂ ಆಡದ ಸಂಕಟ ತಾನಾಗಿ ಹೊರಬಿತ್ತು. "ಮೊದಲಿನ ಮೂರೂ ಉಳೀಲಿಲ್ಲ, ಯಾನ್ನಸ್. ದಯವಿಟ್ಟು ಯಾರಿಗೂ ಹೇಳ್ಬೇಡ ಮಾರಾಯ."

ಯಾನ್ನಸ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ದಿನ ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಕೂಸು, ಅದಕ್ಕೂ ಮುಂಚೆ ಮೂರು, ಮತ್ತು ಅಜ್ಜನಾದವನು ಇದೆಲ್ಲವನ್ನೂ ಒಬ್ಬನೇ ನುಂಗಿಕೊಂಡು ದಿನವೂ ಸೈಕಲ್ಲು ತುಳಿಯುತ್ತಿದ್ದಾನೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ. ಹೇಳಿದ್ದು ಒಬ್ಬರಿಗೆ ಮಾತ್ರ: ಅದೇ ಬೀದಿಯ ಕೊನೆಯಲ್ಲಿರುವ ಲುಬ್ಬರ್ಟನ ಅತ್ತೆ ಅಲೀಡಾಗೆ. ಅವರು ಹೊರಗಿನವರಲ್ಲವಲ್ಲ.

ಎಂಬತ್ತರ ಅಲೀಡಾ ಆ ಕ್ಷಣವೇ ಮೊಮ್ಮಗಳು ಇಲ್ಸೆಗೆ ಫೋನು ಮಾಡಿದರು. ಇಲ್ಸೆ, ಅಜ್ಜಿ ನನಗೆ ಮಗುವೂ ಇಲ್ಲ, ಮಗುವಿಗೆ ಬೇಕಾದ ಇನ್ನೊಬ್ಬನೂ ಇಲ್ಲ ಎಂದು ಮೂರು ಸಲ ಹೇಳಿದಳು. ಒಂದು ಸಲ ಹೇಳಿದ್ದರೆ ಅಲೀಡಾ ನಂಬುತ್ತಿದ್ದರೋ ಏನೋ, ಮೂರು ಸಲ ಹೇಳಿದ್ದರಿಂದ ವಿಷಯ ಖಚಿತವಾಯಿತು. ಮಗಳ ಮನೆಗೆ ಬಂದು ಕ್ಯಾಲೆಂಡರಿನ ಮಾತು ತೆಗೆದರು. ಮಿನೆಕೆ ಉಡುಗೊರೆಯನ್ನು ನೆನೆದು ಕೆಂಪಾಗಿ, ಜೂನ್ ಇಪ್ಪತ್ತೆರಡರ ತನಕ ಸುಮ್ಮನಿರಮ್ಮ ಎಂದಳು. ಓಹೋ, ಇವಳಿಗೂ ಗೊತ್ತು. ಅಲೀಡಾ ಅಂದೇ ಹೋಗಿ ಬಿಳಿಯ ಉಣ್ಣೆ ತಂದು ಟೋಪಿ ಹೆಣೆಯಲು ಕೂತರು. ಹೀಗೆ ಒಂದೇ ಬೀದಿಯಲ್ಲಿ ನಾಲ್ವರು ಮೂರು ಗುಟ್ಟನ್ನು ಕಾಪಾಡುತ್ತ, ಎದುರಾದಾಗಲೆಲ್ಲ ಒಬ್ಬರಿಗೊಬ್ಬರು ಅರ್ಥಗರ್ಭಿತವಾಗಿ ತಲೆಯಾಡಿಸುತ್ತ ವಸಂತವನ್ನು ಕಳೆದರು.

ತೊಂಬತ್ತಮೂರನೆಯ ದಿನ ದೋರಾ ಮಬ್ಬಾದಳು.

ಮೊದಲು ಲುಬ್ಬರ್ಟ್ ತನ್ನ ಕನ್ನಡಕ ಒರೆಸಿದ. ಆಮೇಲೆ ಬಾಟಲಿ ಒರೆಸಿದ. ಆಮೇಲೆ ಕಿಟಕಿಯ ಗಾಜನ್ನೂ ಒರೆಸಿದ. ಮುಚ್ಚಳ ತೆಗೆದು ಇಣುಕಿದ. ಅಕ್ಕಿ ತೊಳೆದ ನೀರು. ಮುಖ್ಯಸ್ಥೆಗೆ ಹೇಳಬೇಕೆಂದು ಮೂರು ಸಲ ಅವರ ಬಾಗಿಲ ತನಕ ಹೋಗಿ, ಮೂರು ಸಲವೂ ಹವಾಮಾನದ ಬಗ್ಗೆ ಮಾತಾಡಿ ಬಂದ. ರಾತ್ರಿ ನಿದ್ದೆಯಿಲ್ಲ, ಹಗಲು ಊಟವಿಲ್ಲ. ಮಿನೆಕೆ ಅದನ್ನು ಕಂಡು, ಪಾಪ, ನನಗಾಗಿ ಎಷ್ಟು ಒದ್ದಾಡುತ್ತಿದ್ದಾನೆ ಎಂದು ಕರಗಿಹೋದಳು.

ಜೂನ್ ಇಪ್ಪತ್ತೆರಡರ ಬೆಳಿಗ್ಗೆ ಅವನು ಐದೂವರೆಗೇ ಎದ್ದು, ಕಾಫಿಯನ್ನೂ ಕುಡಿಯದೆ, ಮಿನೆಕೆಯ ಮುಖವನ್ನೂ ನೋಡದೆ ಹೋದ. ಅವಳು ಹಾಸಿಗೆಯಲ್ಲಿ ಎಚ್ಚರವಾಗಿಯೇ ಇದ್ದಳು, ಮಲಗಿದವಳಂತೆ ಕಣ್ಣು ಮುಚ್ಚಿಕೊಂಡು. ಹತ್ತು ಗಂಟೆಗೆ ಬಾಗಿಲು ತಟ್ಟಿದರು. ಹೊರಗೆ ಯಾನ್ನಸ್ ಕೋಟು ಹಾಕಿ ನಿಂತಿದ್ದಾನೆ, ಪಕ್ಕದಲ್ಲಿ ಅಲೀಡಾ ಉಣ್ಣೆಯ ಟೋಪಿ ಹಿಡಿದಿದ್ದಾರೆ, ಹಿಂದೆ ಯಾನ್ನಸನ ವ್ಯಾನು, ವ್ಯಾನಿನ ಒಳಗಿಂದ ಹೊರಚಾಚಿದ ಏಣಿ, ಅದರ ಮೇಲೆ ಟೀ ಟವೆಲು ಹೊದ್ದು ಮಲಗಿದ ದ್ರಾಕ್ಷಿ ಬ್ರೆಡ್ಡು. ನೂರು ದಿನ ತುಂಬಿತು, ದೋರಾಳನ್ನು ನೋಡಲು ಹೋಗೋಣ ಎಂದ ಯಾನ್ನಸ್. ಬ್ರೆಡ್ಡು ಯಾಕೆ ಎಂದು ಮಿನೆಕೆಗೆ ತಿಳಿಯಲಿಲ್ಲ. ಆದರೆ ಉಡುಗೊರೆ ಅಲ್ಲಿದೆ, ಕರೆದುಕೊಂಡು ಹೋಗಲು ಜನ ಬಂದಿದ್ದಾರೆ. ಒಳಗೆ ಓಡಿ ನೀಲಿ ರೇಷ್ಮೆಯ ಉಡುಪು ಹಾಕಿಕೊಂಡು ಬಂದಳು.

ಆ ಹೊತ್ತಿಗೆ ಪ್ರಯೋಗಾಲಯದಲ್ಲಿ ಲುಬ್ಬರ್ಟ್ ಬೀರುವಿನಿಂದ ಬಾಟಲಿ ತೆಗೆದು ಶ್ರೀಮತಿ ದೆ ಗ್ರಾಫ್ ಅವರ ಮುಂದೆ ಹಿಡಿದಿದ್ದ. ಅವರು ಅದನ್ನು ತೆಗೆದುಕೊಂಡು ಮೆಲ್ಲನೆ ತಲೆಕೆಳಗು ಮಾಡಿದರು. ದೋರಾ ಅಲ್ಲಾಡಲಿಲ್ಲ. ಬುಡದಲ್ಲೇ ಗಟ್ಟಿಯಾಗಿ ಕಚ್ಚಿಕೊಂಡಿದ್ದಳು. ಮುಖ್ಯಸ್ಥೆ ತ್ಯಾರ್ಡಾ ಕುರ್ಚಿ ಹುಡುಕಿಕೊಂಡು ಕೂತರು. ಶ್ರೀಮತಿ ದೆ ಗ್ರಾಫ್ ಪುಸ್ತಕ ತೆರೆದು ಓದಿದರು. ಪುಟ ತಿರುವಿದರು, ಮತ್ತೆ ತಿರುವಿದರು.

"ನಾನೂರ ಹದಿನೇಳು ಸಲ ಮುಚ್ಚಳ ತೆಗೆದಿದೀರಿ."

"ಕೆಟ್ಟಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ" ಎಂದ ಲುಬ್ಬರ್ಟ್. ಹೇಳುತ್ತಿರುವಾಗಲೇ ಆ ಮಾತಿನ ಅರ್ಥ ಅವನಿಗೇ ತಟ್ಟಿತು. ನೂರು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದವನೇ ಕೊಂದಿದ್ದ.

ಅಷ್ಟರಲ್ಲಿ ಬಾಗಿಲು ತೆರೆದು ಏಣಿಯ ಮೂತಿ ಒಳಗೆ ಬಂತು. ಅದರ ಹಿಂದೆ ಬ್ರೆಡ್ಡು, ಬ್ರೆಡ್ಡಿನ ಹಿಂದೆ ಯಾನ್ನಸ್, ಏಣಿಯ ಇನ್ನೊಂದು ತುದಿಗೆ ಗೇಟಿನ ಕಾವಲುಗಾರ. ಹುಟ್ಟಿನ ಬ್ರೆಡ್ಡನ್ನು ತಡೆಯಲು ಅವನಿಗೆ ಮನಸ್ಸಾಗಿರಲಿಲ್ಲ, ಹೊರಲು ಕೈ ಕೊಟ್ಟಿದ್ದ. ಕೊನೆಯಲ್ಲಿ ಅಲೀಡಾ ಮತ್ತು ನೀಲಿ ಉಡುಪಿನ ಮಿನೆಕೆ.

"ದೋರಾ ಎಲ್ಲಿ?" ಎಂದ ಯಾನ್ನಸ್, ಟೋಪಿ ತೆಗೆದು.

ಶ್ರೀಮತಿ ದೆ ಗ್ರಾಫ್ ನಿಧಾನವಾಗಿ ಲುಬ್ಬರ್ಟನ ಕಡೆ ತಿರುಗಿದರು. ಗುಟ್ಟಿನ ಕರಾರು ಇತ್ತಲ್ಲ ಎಂದು ನೆನಪಿಸಿದರು. ನಾನು ಒಬ್ಬರಿಗೂ ಹೇಳಿಲ್ಲ ಎಂದ ಲುಬ್ಬರ್ಟ್.

"ಹೇಳೋದ್ಯಾಕೆ, ಕಕ್ಕಸಲ್ಲಿ ಬರೆದಿದೀಯಲ್ಲ" ಎಂದ ಯಾನ್ನಸ್.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಲುಬ್ಬರ್ಟ್ ತಲೆಕೆಳಗಾದ ಬಾಟಲಿಯನ್ನು ಎತ್ತಿ ತೋರಿಸಿ, ದೋರಾ ಇವಳೇ ಎಂದ. ಅಲೀಡಾ ಕನ್ನಡಕ ಏರಿಸಿ ಹತ್ತಿರ ಬಂದು ಬಿಳಿಯ ಹೆಪ್ಪನ್ನು ಬಹಳ ಹೊತ್ತು ನೋಡಿದರು. ನಮ್ಮ ಕಡೆಯವರ ಹೋಲಿಕೆ ಇಲ್ಲ ಎಂದರು. ಬಹುಶಃ ಅದು ಅವರಿಗೆ ಸಮಾಧಾನವೇ ಆಗಿತ್ತು. ಉಣ್ಣೆಯ ಟೋಪಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಇಲ್ಸೆಗೆ ಫೋನು ಮಾಡಿ ಕ್ಷಮೆ ಕೇಳುವ ಲಕ್ಷಣ ಮಾತ್ರ ಕಾಣಲಿಲ್ಲ.

ಮಿನೆಕೆ ಒಂದೇ ಪ್ರಶ್ನೆ ಕೇಳಿದಳು. "ಆ ಕೆಂಪು ಸುತ್ತು?"

"ನೂರನೇ ದಿನ" ಎಂದ ಲುಬ್ಬರ್ಟ್. "ಇವತ್ತಿಗೆ ಮುಗೀತು ಮಿನೆಕೆ. ಜುಲೈನಲ್ಲಿ ನನ್ನನ್ನ ಮನೆಗೆ ಕಳಿಸ್ತಾರೆ."

ಮಿನೆಕೆಯ ತುಟಿಯಂಚಿನಲ್ಲಿ ಮೂರು ತಿಂಗಳಿಂದ ಇದ್ದ ನಗು ಹೋಯಿತು. ಅವಳು ಅಲ್ಲಿಂದ ಹೊರಟುಬಿಡಬಹುದಿತ್ತು, ಬೇರೆ ಯಾರಾದರೂ ಹೊರಡುತ್ತಿದ್ದರು. ಆದರೆ ಗಂಡ ಆ ಬಾಟಲಿಯನ್ನು ಎದೆಗವಚಿಕೊಂಡು ನಿಂತಿದ್ದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಹಾಗೆ ನಿಂತದ್ದನ್ನು ಅವಳು ನೋಡಿದ್ದು ಇಲ್ಸೆ ಹುಟ್ಟಿದ ದಿನ ಮಾತ್ರ. ಒಂದು ನಿಟ್ಟುಸಿರು ಬಿಟ್ಟು ಕೇಳಿದಳು.

"ಒಂದೇ ಬಾಟಲಿ ಮಾಡಿದ್ಯಾ? ನೀನು ಯಾವುದನ್ನ ಒಂದೇ ಇಟ್ಟಿದೀಯ ಲುಬ್ಬರ್ಟ್? ಬೀಗದ ಕೈ ಎರಡು, ಕನ್ನಡಕ ಎರಡು. ಎರಡನೇದನ್ನ ಎಲ್ಲಾದ್ರೂ ಎತ್ತಿಟ್ಟು ಮರೀತೀಯ. ಹುಡುಕೋದು ನಾನು."

ಲುಬ್ಬರ್ಟನ ಬಾಯಿ ತೆರೆಯಿತು. ಮಾರ್ಚ್ ಹದಿನಾಲ್ಕು. ಒಂದು ಲೀಟರು ಮಾಡಿ ಅರ್ಧವನ್ನು ಇನ್ನೊಂದು ಬಾಟಲಿಗೆ ಸುರಿದು, ಇದು ಆಪತ್ತಿಗೆ ಎಂದು ಎತ್ತರದ ಬೀರುವಿನ ನೆತ್ತಿಯ ಮೇಲೆ ಇಟ್ಟಿದ್ದ. ಮಾರನೆಯ ದಿನ ಸುರಕ್ಷತಾಧಿಕಾರಿ ಬೆರೆಂಡ್ ಬಂದು, ತಪಾಸಣೆಯ ಚೀಟಿ ಹಳೆಯದಾಗಿದೆ ಎಂದು ಹತ್ತುವ ಮೆಟ್ಟಿಲು ಮಣೆಯನ್ನು ಜಪ್ತಿ ಮಾಡಿಕೊಂಡು ಹೋಗಿದ್ದ. ಆಮೇಲೆ ಆ ಎತ್ತರಕ್ಕೆ ಯಾರ ಕಣ್ಣೂ ಹೋಗಿರಲಿಲ್ಲ. ಲುಬ್ಬರ್ಟ್ ಬೆರಳೆತ್ತಿ ಮೇಲೆ ತೋರಿಸಿದ.

ಎಲ್ಲರೂ ಮೇಲೆ ನೋಡಿದರು. ಆಮೇಲೆ ಎಲ್ಲರೂ ಏಣಿ ನೋಡಿದರು.

ಬ್ರೆಡ್ಡನ್ನು ಹೊರಗಿನ ಬೆಂಚಿಗೆ ಸಾಗಿಸಿ ಯಾನ್ನಸ್ ಏಣಿಯನ್ನು ಬೀರುವಿಗೆ ಆನಿಸುವಷ್ಟರಲ್ಲಿ ಬೆರೆಂಡ್ ಸ್ವತಃ ಹಾಜರಾದ. ಪ್ರಯೋಗಾಲಯಕ್ಕೆ ತಿಂಡಿ ತಂದ ವಾಸನೆ ಅವನಿಗೆ ಎರಡು ಮಹಡಿ ಆಚೆಯಿಂದ ಬಡಿದಿತ್ತು. ಏಣಿಗೆ ತಪಾಸಣೆಯ ಚೀಟಿ ಎಲ್ಲಿ ಎಂದ. ಇದು ನನ್ನ ಅಜ್ಜನ ಏಣಿ ಎಂದ ಯಾನ್ನಸ್. ಅಜ್ಜನ ಚೀಟಿ ಎಲ್ಲಿ ಎಂದ ಬೆರೆಂಡ್. ಶ್ರೀಮತಿ ದೆ ಗ್ರಾಫ್ ಅಂದು ಮೊದಲ ಬಾರಿಗೆ ದನಿ ಏರಿಸಿ, ಅಷ್ಟು ಭಯವಿದ್ದರೆ ಬುಡ ಹಿಡಿದುಕೊಳ್ಳಿ ಎಂದರು. ಬೆರೆಂಡ್ ಹಿಡಿದುಕೊಂಡ. ಏಣಿ ಕಿರುಗುಟ್ಟಿದಾಗಲೆಲ್ಲ ಅವನು ಕಣ್ಣು ಮುಚ್ಚುತ್ತಿದ್ದ.

ಯಾನ್ನಸ್ ಒಂದು ಕೈಯಲ್ಲಿ ಬಾಟಲಿ ಹಿಡಿದು ಇಳಿದು ಬಂದ. ಮೈತುಂಬ ಧೂಳು. ಮುಚ್ಚಳದ ಸುತ್ತಿನ ಮೊಹರು ಹಾಗೇ ಇತ್ತು. ಮಿನೆಕೆ ಯಾನ್ನಸನ ಹೆಗಲಿನಿಂದ ಟೀ ಟವೆಲು ಕಿತ್ತುಕೊಂಡು ಒರೆಸಿದಳು. ಒಳಗೆ ನೀರಿಗಿಂತ ತಿಳಿ. ಶ್ರೀಮತಿ ದೆ ಗ್ರಾಫ್ ತಲೆಕೆಳಗು ಮಾಡಿದರು. ದೋರಾಳ ಅವಳಿ ಸರಾಗವಾಗಿ ಮುಚ್ಚಳದ ಕಡೆಗೆ ಹರಿದು ಬಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಲುಬ್ಬರ್ಟ್ ಮಾತ್ರ ಅಭ್ಯಾಸಬಲದಿಂದ ಮುಚ್ಚಳಕ್ಕೆ ಕೈ ಹಾಕಿದ. ಆರು ಜನ ಒಟ್ಟಿಗೆ ಅವನ ಕೈ ಹಿಡಿದರು.

ಶ್ರೀಮತಿ ದೆ ಗ್ರಾಫ್ ವರದಿ ಬರೆದರು. ದಾಸ್ತಾನಿನ ವಿಧಾನ ಎಂಬ ಜಾಗದಲ್ಲಿ ಸ್ವಲ್ಪ ಯೋಚಿಸಿ, "ಮುಟ್ಟದೆ, ನೋಡದೆ, ನೆನಪಿಲ್ಲದೆ" ಎಂದು ತುಂಬಿದರು. ಮೂರು ವರ್ಷದ ಕೆಲಸ ಖಾಯಂ, ಲುಬ್ಬರ್ಟನೂ ಖಾಯಂ. ಒಂದೇ ಷರತ್ತು: ಮುಂದಿನ ಬಾಟಲಿಗಳನ್ನು ಎಲ್ಲಿಟ್ಟಿದ್ದಾರೆಂದು ಅವನಿಗೆ ತಿಳಿಸಬಾರದು.

ಹೊರಗೆ ಅಲೀಡಾ ಬ್ರೆಡ್ಡು ಕೊಯ್ದು ಬೆರಳು ದಪ್ಪಕ್ಕೆ ಬೆಣ್ಣೆ ಸವರುತ್ತಿದ್ದರು. ಏಣಿಯ ಮೇಲೆ ಬಂದ ಬ್ರೆಡ್ಡು ಏಣಿಯ ಮೇಲೆ ವಾಪಸು ಹೋಗುವ ಪದ್ಧತಿಯಿಲ್ಲ. ಒಳಗೆ ಲುಬ್ಬರ್ಟ್ ವರದಿಯ ಕೆಳಗೆ ಸಹಿ ಹಾಕಿ ಪಕ್ಕದಲ್ಲಿ ತಾರೀಖು ಬರೆದ. ಜೂನ್ ಇಪ್ಪತ್ತೆರಡು. ನೂರು ದಿನದಿಂದ ಉಸಿರುಸಿರಿಗೂ ಜಪಿಸಿದ ಆ ತಾರೀಖನ್ನು ಅವನು ಓದಿದ್ದು ಆಗಲೇ. ಪೆನ್ನು ಅಲ್ಲೇ ನಿಂತಿತು. ತಲೆಯೆತ್ತಿದ. ಬಾಗಿಲಲ್ಲಿ ಮಿನೆಕೆ ನಿಂತಿದ್ದಳು, ನೀಲಿ ರೇಷ್ಮೆಯ ತೋಳಿಗೆ ಬೀರುವಿನ ಧೂಳು ಮೆತ್ತಿತ್ತು.

"ಮಿನೆಕೆ, ಇವತ್ತು..."

"ಹೌದು. ಐವತ್ತು."

ಅವಳು ವರದಿಯ ಮೇಲೆ ಬೆರಳಿಟ್ಟಳು. "ಮುಟ್ಟದೆ, ನೋಡದೆ, ನೆನಪಿಲ್ಲದೆ ಇಟ್ರೆ ಕೆಡೋದಿಲ್ಲ ಅಂತ ಬರೆದಿದಾರೆ. ಅದು ಬಾಟಲಿಗೆ, ಲುಬ್ಬರ್ಟ್. ನನಗಲ್ಲ." ಅಷ್ಟು ಹೇಳಿ ಬ್ರೆಡ್ಡಿನ ಒಂದು ಹೋಳನ್ನು ಅವನ ಕೈಗೆ ಕೊಟ್ಟಳು. ಬೆಣ್ಣೆ ಸವರಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಲುಬ್ಬರ್ಟ್ ಕಕ್ಕಸಿನಲ್ಲಿ ಕೂತು ಕ್ಯಾಲೆಂಡರು ನೋಡಿದ. ಮಾರ್ಚಿನ ಹಾಳೆಯಲ್ಲಿ ದೋರಾಳನ್ನು ಹೊಡೆದು ಹಾಕಲಾಗಿತ್ತು. ಜೂನ್ ಇಪ್ಪತ್ತೆರಡರ ಕೆಂಪು ಸುತ್ತಿನ ಪಕ್ಕದಲ್ಲಿ ಹೆಂಡತಿಯ ದುಂಡು ಅಕ್ಷರದಲ್ಲಿ ಹೊಸದೊಂದು ಸಾಲು ಇತ್ತು: "ಮಿನೆಕೆ. ದಿನಕ್ಕೆ ಮೂರು ಸಲ ನೋಡುವುದು."

ಎಂಟು ಗಂಟೆಗೆ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಏನು?" ಎಂದಳು ಮಿನೆಕೆ, ತಿರುಗದೆ.

"ನೋಡ್ತಿದೀನಿ."

"ಹೇಗಿದೆ?"

ಲುಬ್ಬರ್ಟ್ ಕಣ್ಣು ಕಿರಿದು ಮಾಡಿ, ಪ್ರಾಮಾಣಿಕವಾಗಿ ಪರೀಕ್ಷಿಸಿದ. "ಇನ್ನೂ ಸ್ವಲ್ಪ ಮಬ್ಬಿದೆ."

"ಹಾಗಾದ್ರೆ ಕಾಫಿ ಮಾಡು" ಎಂದಳು ಮಿನೆಕೆ. "ಮತ್ತೆ ಎಂಟೂ ಕಾಲಿಗೆ ಬಂದು ನೋಡು."